ದೋಣಿಯೇ ಕೂಗಬೇಕು

ಹಡಗು ಹೊರಡಲು ಎರಡು ಗಂಟೆ ಉಳಿದಿತ್ತು. ಕುರೆಬಾಯಾಶಿ ಮಾತ್ರ ಮೂರನೆಯ ಬಾರಿ ಅದೇ ಕೆಲಸವನ್ನು ಅದೇ ಆತ್ಮವಿಶ್ವಾಸದಿಂದ ಮಾಡುತ್ತಿದ್ದ.

ದ್ವೀಪದವರಿಗೆ ಗಣಕದ ಸಲಹೆ ನೀಡಲೆಂದು ಆಚೆ ದಡದ ಪುರಸಭೆ ನೇಮಿಸಿದ್ದ ತಜ್ಞ ಅವನು. ಅವನ ಪರಿಚಯ ಚೀಟಿಯಲ್ಲಿ ಹೆಸರಿಗಿಂತ ಬಿರುದುಗಳೇ ಹೆಚ್ಚಿದ್ದವು. ಅವುಗಳಲ್ಲಿ ಒಂದಾದರೂ ಕೆಲಸಕ್ಕೆ ಬಂದೀತೆಂದು ಮನೆಯೊಡತಿ ಸುಮಿಯೆ ಬೆಳಗಿನಿಂದ ಕಾಯುತ್ತಿದ್ದಳು.

ಅವಳ ಹಿತ್ತಲಿನ ಬಿಸಿಕೋಣೆಯಲ್ಲಿ ಈ ವರ್ಷದ ಸೋಯಾ ಸಾಸಿಗೆಂದು ಬೂಷ್ಟು ಹತ್ತಿಸಿದ ಕಾಳು ಹರಡಿತ್ತು. ಎರಡನೆಯ ದಿನ ಕಾಳು ತಾನೇ ಕಾವೇರುತ್ತದೆ. ನಲವತ್ತೆರಡು ಡಿಗ್ರಿ ದಾಟಿದರೆ ಲೋಳೆಗಟ್ಟಿ ನಾರುತ್ತದೆ, ವರ್ಷದ ಪೀಪಾಯಿಗಳೆಲ್ಲ ಖಾಲಿ. ಅಂಥ ದಿನವೇ ಆಚೆ ದಡದ ಆಸ್ಪತ್ರೆಯವರು ಅವಳ ಕಣ್ಣಿನ ಪೊರೆ ತೆಗೆಯಲು ಬರಹೇಳಿದ್ದರು. ಬಿಟ್ಟರೆ ಇನ್ನು ವಸಂತಕ್ಕೇ. ಕೋಣೆಯ ಕಾವನ್ನು ಮೂಲೆಯಲ್ಲಿ ಅವಳೇ ಜೋಡಿಸಿದ್ದ ಹಳೆಯ ಗಣಕವೊಂದು ಅಳೆದು ತೋರಿಸುತ್ತಿತ್ತು. ಅದನ್ನು ಆಚೆ ದಡದಿಂದ ನೋಡುವಂತಾಗಬೇಕು, ಅಷ್ಟೇ. ಕಾವೇರಿದರೆ ಕಿಂಡಿ ತೆರೆದು ಕಾಳು ತಿರುವಲು ಪಕ್ಕದ ಮನೆಯ ಗೆನ್‌ಪಾಚಿ ಒಪ್ಪಿದ್ದ.

"ನಾನಾಗಿ ಹೋಗಿ ನೋಡೋದು ಮರೆತುಹೋಗುತ್ತೆ ಕಣೆ. ನೀನು ಫೋನ್ ಮಾಡು, ಓಡ್ತೀನಿ," ಎಂದಿದ್ದ ಅವನು, ಅಂಗಳದ ಗೂಟದ ಮೇಲಿದ್ದ ಉಪಗ್ರಹ ಅಂತರ್ಜಾಲದ ಚಪ್ಪಟೆ ತಟ್ಟೆಯನ್ನು ಸವರುತ್ತ. "ಇದೇನೇ ಇದು, ಬೆಕ್ಕಿನ ಬೆನ್ನಿದ್ದ ಹಾಗೆ ಬೆಚ್ಚಗಿದೆ."

"ಆಯ್ತು ಅಜ್ಜಿ," ಎಂದು ಕುರೆಬಾಯಾಶಿ ತನ್ನ ಫೋನನ್ನು ಮುಂದೆ ಹಿಡಿದ. "ಮೂವತ್ತಾರು ಡಿಗ್ರಿ. ನೋಡಿ, ಎಷ್ಟು ಚೆನ್ನಾಗಿ ಬರ್ತಿದೆ."

"ಮೇಷ್ಟ್ರೇ, ನಿಮ್ಮ ಫೋನು ಹಿಡಿದಿರೋದು ಯಾರ ವೈಫೈ?"

"ನಿಮ್ಮ ಮನೇದೇ."

"ನಾನು ಮಲಗೋದು ಆಸ್ಪತ್ರೇಲಿ. ಮಂಚದ ಪಕ್ಕಕ್ಕೆ ಮನೇನ ತಂದಿಡ್ತೀರಾ?"

"ರೌಟರಿನಲ್ಲಿ ಬಾಗಿಲು ತೆರೆದಿಟ್ಟಿದ್ದೀನಿ ಅಜ್ಜಿ. ಹೊರಗಿಂದಾನೂ ಬರುತ್ತೆ. ತಾಂತ್ರಿಕ ವಿಷಯ, ನಿಮಗೆ ಹೇಳಿದ್ರೆ ತಲೆನೋವು."

ಸುಮಿಯೆ ತನ್ನ ಫೋನು ಎತ್ತಿಕೊಂಡಳು. ಊರಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿದ್ದ ಏಕೈಕ ಜಾಗವಾದ ಹಡಗುಕಟ್ಟೆಯ ತುದಿಗೆ ನಡೆದಳು. ಬಿರುದುಗಳೂ ಹಿಂದೆಯೇ ಬಂದವು. ಅಲ್ಲಿಂದ ಫೋನಿನಲ್ಲಿ ಮನೆಯ ಗಣಕವನ್ನು ಕರೆದಳು. ಉತ್ತರವಿಲ್ಲ. ಮತ್ತೆ ಕರೆದಳು. ಇಲ್ಲ.

"ಇಲ್ಲಿ ಸಿಗ್ನಲ್ ವೀಕು," ಎಂದ ಕುರೆಬಾಯಾಶಿ.

ಅವಳು ಹವಾಮಾನದ ಪುಟ ತೆರೆದಳು. ಮೋಡ, ಗಾಳಿ, ಅಲೆ ಎಲ್ಲವೂ ಥಟ್ಟನೆ ಬಂದವು. "ನಮ್ಮ ರೌಟರು ತೋರಿಸೋ ವಿಳಾಸ, ಹೊರಗಿನವರಿಗೆ ಕಾಣೋ ನಮ್ಮ ಮನೆ ವಿಳಾಸ, ಎರಡೂ ಒಂದೇನಾ?"

ಅವನು ಮನೆಯಲ್ಲಿ ತೆಗೆದುಕೊಂಡ ಟಿಪ್ಪಣಿ ತಡಕಿದ. ಒಂದಾಗಿರಲಿಲ್ಲ. ಉಪಗ್ರಹದ ಕಂಪನಿ ನೂರಾರು ಮನೆಗಳಿಗೆ ಹೊರಗಡೆ ಒಂದೇ ವಿಳಾಸ ಹಂಚಿತ್ತು. ಹೊರಗಿನಿಂದ ಬಂದ ಕರೆ ಕಂಪನಿಯ ಮಹಾದ್ವಾರದಲ್ಲೇ ಉಳಿಯುತ್ತಿತ್ತು, ಯಾರ ಮನೆಯದೆಂದು ತಿಳಿಯದೆ. ಬೆಳಗಿನಿಂದ ಈ ಮಹಾಶಯ ಮೂರು ಸಲ ತೆರೆದಿದ್ದು ಯಾರೂ ಬಂದು ಮುಟ್ಟಲಾಗದ ಬಾಗಿಲನ್ನು.

"ಕಂಪನಿಗೆ ಅರ್ಜಿ ಹಾಕೋಣ. ಮೂರು ವಾರ ಆಗಬಹುದು," ಎಂದ.

"ಕಾಳಿಗೆ ಹೇಳಿ ಬರ್ತೀರಾ, ಮೂರು ವಾರ ತಣ್ಣಗಿರು ಅಂತ?"

ಕಟ್ಟೆಯ ಮೇಲೆ ಮೀನುಗಾರರ ಸಂಘದ ಹಳೆಯ ರೇಡಿಯೋ ಕೋಣೆ ಬೀಗ ಹಾಕಿಕೊಂಡು ನಿಂತಿತ್ತು. ಇಪ್ಪತ್ತೇಳು ವರ್ಷ ಸುಮಿಯೆ ಅಲ್ಲಿ ರೇಡಿಯೋ ಮುಂದೆ ಕೆಲಸ ಮಾಡಿದ್ದಳು. ಮೂವತ್ತು ದೋಣಿಗಳನ್ನು ಬಂದರಿನವರು ಎಂದೂ ಹುಡುಕಿಕೊಂಡು ಕೂಗಲಿಲ್ಲ. ಗೊತ್ತುಪಡಿಸಿದ ಹೊತ್ತಿಗೆ ದೋಣಿಯೇ ಕೂಗಬೇಕು, ಹೆಸರು ಹೇಳಬೇಕು, ಜಾಗ ಹೇಳಬೇಕು. ಎರಡು ಹೊತ್ತು ತಪ್ಪಿದರೆ ಹುಡುಕಲು ಹೊರಡುವುದು.

ಅವಳು ಸರಸರನೆ ಮನೆಗೆ ಮರಳಿದಳು. ಹತ್ತು ನಿಮಿಷಕ್ಕೊಮ್ಮೆ ಗಣಕವೇ ಕಾವಿನ ಅಂಕಿಯನ್ನು ತನ್ನ ಫೋನಿಗೆ ಮಿಂಚಂಚೆ ಮಾಡುವಂತೆ ಹತ್ತು ಸಾಲಿನ ಪ್ರೋಗ್ರಾಂ ಬರೆದಳು. ಒಳಗಿನಿಂದ ಹೊರಗೆ ಹೋಗುವುದನ್ನು ತಡೆಯುವವರು ಯಾರೂ ಇರಲಿಲ್ಲ.

"ಇದು ಸರಿಯಾದ ಪದ್ಧತಿ ಅಲ್ಲ," ಎಂದ ಕುರೆಬಾಯಾಶಿ.

"ಹೌದು, ಆದ್ರೆ ಕೆಲಸ ಮಾಡುತ್ತೆ."

ಇಬ್ಬರೂ ಹತ್ತಿದ್ದು ಒಂದೇ ಹಡಗು. ನಡುಸಮುದ್ರದಲ್ಲೂ ಸಿಗ್ನಲ್ ಇತ್ತು. ಊರೊಳಗೆ ಮಾತ್ರ ಇರಲಿಲ್ಲ. ಮಿಂಚಂಚೆಗಳು ಬರತೊಡಗಿದವು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.

ಆಮೇಲೆ ಏನೂ ಬರಲಿಲ್ಲ.

ಹತ್ತು ನಿಮಿಷ ಕಳೆಯಿತು. ಕುರೆಬಾಯಾಶಿ ಪೊಟ್ಟಣದ ಅನ್ನದುಂಡೆ ಬಿಚ್ಚುತ್ತ ಸಮಾಧಾನ ಹೇಳಿದ: "ಉಪಗ್ರಹ ಅಂದ್ರೆ ಹಾಗೇ ಅಜ್ಜಿ. ಮೋಡ ಇರಬೇಕು. ಕಾದರೆ ಬರುತ್ತೆ."

ಮತ್ತೂ ಹತ್ತು ನಿಮಿಷ. ಎರಡು ಹೊತ್ತು ತಪ್ಪಿತ್ತು. ಸುಮಿಯೆ ಕಾಯಲಿಲ್ಲ, ಗೆನ್‌ಪಾಚಿಯ ಮನೆಗೆ ಫೋನ್ ಮಾಡಿದಳು.

"ಕರೆಂಟ್ ಇದೆಯೇನೋ?"

"ಇದೆ. ಟಿವಿ ನೋಡ್ತಿದ್ದೀನಿ."

"ಅಂಗಳದ ತಟ್ಟೆ ಮೇಲೇನಿದೆ?"

ಆ ಕಡೆ ಟಿವಿಯ ಸದ್ದು ತಗ್ಗಿತು. "ಒಂದು ತಂತಿ ಜಾಲರಿ ಇಟ್ಟೆ. ಹದಿನಾಲ್ಕು ಸ್ಕ್ವಿಡ್ ಮೀನು. ಬೆಚ್ಚಗಿದೆಯಲ್ಲ, ಬೇಗ ಒಣಗುತ್ತೆ ಅಂತ."

"ಅದು ಆಕಾಶ ನೋಡೋ ಕಣ್ಣು ಕಣೋ, ನಿನ್ನ ಒಲೆಯಲ್ಲ. ಮೊದಲು ಹೋಗಿ ಕಿಂಡಿ ತೆಗೆದು ಕಾಳು ತಿರುವು. ಆಮೇಲೆ ನಿನ್ನ ಮೀನು ಎತ್ತಿಕೋ."

ನಾಲ್ಕು ನಿಮಿಷ. ಏಳು. ಹಡಗು ದಡದ ದೀಪಸ್ತಂಭವನ್ನು ದಾಟಿತು. ಕುರೆಬಾಯಾಶಿ ಎರಡನೆಯ ಅನ್ನದುಂಡೆಗೆ ಕೈಹಾಕಿದ. ಫೋನು ಗುಂಯ್‌ಗುಟ್ಟಿತು.

ನಲವತ್ತೊಂದೂವರೆ. ಅದಾದ ಹತ್ತು ನಿಮಿಷಕ್ಕೆ ಮೂವತ್ತೊಂಬತ್ತು.

ಸುಮಿಯೆ ಫೋನನ್ನು ಕೈಚೀಲಕ್ಕೆ ಹಾಕಿದಳು. ಪಕ್ಕದಲ್ಲಿ ಕಾಗದ ಸರಿದ ಸದ್ದಾಯಿತು. ಕುರೆಬಾಯಾಶಿ ವರದಿಯ ಹಾಳೆ ಚಾಚಿದ್ದ: 'ಮನೆಯ ಗಣಕ ಸಂಪರ್ಕ, ಸಲಹೆಗಾರರಿಂದ ಪರಿಹಾರ, ಪೂರ್ಣ.' ಜೊತೆಗೆ ಅವಳದೇ ವೈಫೈಯಲ್ಲಿ ತೆಗೆದ ಮೂವತ್ತಾರು ಡಿಗ್ರಿಯ ಚಿತ್ರ.

"ಇಲ್ಲೊಂದು ನಿಮ್ಮ ಮೊಹರು ಒತ್ತಿಬಿಡಿ ಅಜ್ಜಿ."

ಸಹಿಯ ಬದಲು ಒತ್ತುವ ಆ ಮೊಹರು ಅವಳ ಕೈಚೀಲದ ಜೇಬಿನಲ್ಲೇ ಇತ್ತು. ಅವಳು ಚೀಲದ ಬಾಯಿ ಬಿಗಿದು ಮಡಿಲಲ್ಲಿಟ್ಟುಕೊಂಡಳು.

"ಮನೇಲೇ ಉಳೀತು ಮೇಷ್ಟ್ರೇ. ನೀವು ತೆರೆದಿಟ್ಟಿದ್ದೀರಲ್ಲ ಬಾಗಿಲು, ಅದರಿಂದ ಕೈಹಾಕಿ ತಗೊಳ್ಳಿ."