ಕಂಪನಿಗೊಂದು ಕಮ್ಯುನಿಟಿ ಸರ್ಟಿಫಿಕೇಟು

“ಏಯ್ ಎಮ್ಮೆ, ಇನ್ನೊಂದ್ಸಾರಿ ಬೀಳೇ! ಸರಿಯಾಗ್ ಬರ್ನಿಲ್ಲ!”

ಸುಂದರ್ ಫೋನು ಹಿಡಿದು ನಗುತ್ತಿದ್ದ. ಅವನು ದ್ರಾಕ್ಷಿ ತೋಟದ ಒಡೆಯನ, ನಮ್ಮ ಮೊದಲಾಳಿಯ ಮಗ. ಅಲ್ಲಿ ಗೊನೆ ಕತ್ತರಿಸುವ ಕೂಲಿಯವರು ನಾವು, ಒಂಬತ್ತು ಹೆಂಗಸರು. ಹಣ್ಣಿನ ಕ್ರೇಟು ಹೊತ್ತಿದ್ದ ಪಾಂಡಿಯಮ್ಮಾಳ್ ಅಕ್ಕ ಕಾಲುವೆಯಲ್ಲಿ ಜಾರಿ ಬಿದ್ದಿದ್ದಳು, ಸೀರೆ ಮೊಣಕಾಲಿನ ಮೇಲಕ್ಕೆ. ಆ ಮಹಾರಾಯ ಒಂದು ಕೈ ಕೊಟ್ಟು ಎಬ್ಬಿಸಬಾರದೇ? ಪಾಪ, ಎರಡು ಕೈಯೂ ಫೋನಿಗೇ ಬೇಕಿತ್ತು.

ಸಂಜೆಗೆ ‘ಕೆಸರೆಮ್ಮೆ’ ಎಂದು ಹೆಸರಿಟ್ಟು, ಹಾಡು ಸೇರಿಸಿ ವಿಡಿಯೋ ಆ್ಯಪಿಗೆ ಹಾಕಿದ. ಎರಡು ಲಕ್ಷ ಜನ ನೋಡಿದರು. ಮರುದಿನ ಬಸ್ಸಿನಲ್ಲಿ ಯಾರೋ ‘ಮ್ಮೇ’ ಎಂದರು. ಅಕ್ಕ ನಡುದಾರಿಯಲ್ಲೇ ಇಳಿದವಳು ಮತ್ತೆ ಬಸ್ಸು ಹತ್ತಲಿಲ್ಲ.

ಒಂಬತ್ತು ಹೆಂಗಸರೂ ಫೋನಿನಲ್ಲಿ ದೂರು ಒತ್ತಿದೆವು. ಆ ಆ್ಯಪಿನ ಕಂಪನಿಯ ಉತ್ತರವನ್ನು ನಾನೇ ಓದಿದೆ: ‘ಈ ವಿಡಿಯೋ ನಮ್ಮ ಕಮ್ಯುನಿಟಿಯ ಕಟ್ಟುಪಾಡು ಮೀರಿಲ್ಲ.’

“ಯಾವ್ ಕಮ್ಯುನಿಟಿಯಂತೆ? ನಮ್ದಾ, ಮೊದಲಾಳೀದಾ?” ಅಕ್ಕ ಕೇಳಿದಳು.

ನಮ್ಮ ಕಡೆ ಕಮ್ಯುನಿಟಿ ಎಂದರೆ ಜಾತಿ. ಅದರ ಸರ್ಟಿಫಿಕೇಟಿಗೆ ಅಲೆದು ಚಪ್ಪಲಿ ಸವೆಸಿದವರು ನಾವು.

“ಇದು ಜಾತಿ ಅಲ್ಲಕ್ಕಾ,” ಎಂದೆ. ಮತ್ತೇನು ಎಂದು ನನಗೂ ಗೊತ್ತಿರಲಿಲ್ಲ.

ಅಕ್ಕನನ್ನು ಹಣ್ಣಿನ ಲಾರಿಯಲ್ಲಿ ಕೂರಿಸಿಕೊಂಡು ತೇನಿಯ ತಾಲೂಕು ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ವಿಡಿಯೋ ನೋಡಿ ಮೀಸೆಯೊಳಗೇ ನಕ್ಕರು.

“ಕಂಪನಿ ಮೇಲಿನ ದೂರನ್ನ ಮೊದ್ಲು ಕಂಪನಿಯವರೇ ವಿಚಾರಿಸ್ಬೇಕಮ್ಮಾ. ಅದು ಸರ್ಕಾರದ ರೂಲು. ಆಮೇಲೆ ಡೆಲ್ಲಿಗೆ ಅಪೀಲು.”

“ಅಂದ್ರೆ ದ್ರಾಕ್ಷಿ ಕದ್ದ ಮುಂಡೇಮಗನೇ ತೋಟಕ್ಕೂ ಕಾವಲಾ ಅಯ್ಯಾ?” ಎಂದಳು ಅಕ್ಕ.

ಮುಂದಿನ ವಾರ ದೇವರು ಕಣ್ಣು ಬಿಟ್ಟ. ಅದೇ ಕಾಲುವೆಯಲ್ಲಿ ಮೊದಲಾಳಿ ಗೋವಿಂದನ್ ದಡಕ್ಕನೆ ಬಿದ್ದರು, ಉಟ್ಟ ವೇಷ್ಟಿ ಒಂದು ಕಡೆ, ಅವರೊಂದು ಕಡೆ. ನಾನು ಬಿಡುತ್ತೇನೆಯೇ? ‘ಕೆಸರುಕೋಣ’ ಎಂದು ಹೆಸರಿಟ್ಟು ಹಾಕಿದೆ. ಟೀ ಕುಡಿದು ಮುಗಿಸುವಷ್ಟರಲ್ಲಿ ವಿಡಿಯೋ ಮಾಯ! ಕಂಪನಿಯ ಉತ್ತರವೂ ಬಂತು: ‘ನಮ್ಮ ಕಮ್ಯುನಿಟಿಯ ಕಟ್ಟುಪಾಡು ಮೀರಿದೆ.’

ಅಕ್ಕ ಎಷ್ಟೋ ದಿನಗಳ ಮೇಲೆ ನಕ್ಕಳು. “ಈಗ್ ಗೊತ್ತಾಯ್ತೇನೇ, ಯಾವ್ ಕಮ್ಯುನಿಟಿ ಅಂತ?”

ಸೋಮವಾರ ತಾನೇ ಮುಂದಾಗಿ ತೇನಿಯ ಬಸ್ಸು ಹತ್ತಿದಳು. ಹಿಂದಿನ ಸೀಟಿನಿಂದ ‘ಮ್ಮೇ’ ಬಂತು.

“ಯಾಕ್ಲೇ ಕರು, ಹಸಿವಾ?”

ಇಡೀ ಬಸ್ಸು ನಕ್ಕಿತು. ಕರು ಮುಂದಿನ ಸ್ಟಾಪಿನಲ್ಲಿ ಇಳಿದುಹೋಯಿತು.

ತೇನಿಯಲ್ಲಿ ಅಕ್ಕ ಎರಡೂ ಉತ್ತರಗಳ ಪ್ರಿಂಟನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು.

“ಅಯ್ಯಾ, ಈ ಕಂಪನಿಗೊಂದು ಕಮ್ಯುನಿಟಿ ಸರ್ಟಿಫಿಕೇಟ್ ಬರ್ಕೊಡಿ.”

ಈ ಸಲ ಮೀಸೆ ನಗಲಿಲ್ಲ. “ಹಂಗೆಲ್ಲಾ ಕೊಡಕ್ಕಾಗಲ್ಲಮ್ಮಾ.”

“ಕೊಡೋಗಂಟ ಇಲ್ಲೇ ಕುಂತಿರ್ತೀವಿ.”

ಒಂಬತ್ತು ಹೆಂಗಸರೂ ಬಾಗಿಲಿಗೆ ಅಡ್ಡ ಕುಳಿತೆವು. ನನ್ನ ಫೋನಿನ ವಿಡಿಯೋದಲ್ಲಿ ಅಕ್ಕ ಇನ್ನೂ ಬೀಳುತ್ತಲೇ ಇದ್ದಳು.