ಜೆಲ್ ಕ್ಯಾಂಡಲ್ ಕಲಿಸಲು ಬಂದ ವರ

ಹಿತೇಶ ಹೆಣ್ಣು ನೋಡಲು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ವಿಕ್ರೋಳಿಯ ಯಾವುದೋ ಕಾರ್ಖಾನೆಯಲ್ಲಿ ಅವನು ಪ್ರೊಡಕ್ಷನ್ ಮ್ಯಾನೇಜರ್ ಎಂಬುದು ಚಪ್ಪಲಿ ಕಳಚುವ ಮೊದಲೇ ಚೆಂಬೂರಿನ ಆ ಬಿಲ್ಡಿಂಗಿಗೆಲ್ಲ ತಿಳಿದಿತ್ತು. ಮೆಟ್ಟಿಲು ಹತ್ತುವಷ್ಟು ಹೊತ್ತೂ ಅವನು ಫೋನಿನಲ್ಲಿ ಯಾರನ್ನೋ ಗಟ್ಟಿಯಾಗಿ ಬೈಯುತ್ತಿದ್ದ. ಹಿಂದೆ ಅವನ ತಾಯಿ. ಸಂಬಂಧ ತಂದವರು ಹುಡುಗಿಯ ಸೋದರಮಾವ ಧನರಾಜ್, ಮಾಟುಂಗದಲ್ಲಿ ಹೋಟೆಲು ನಡೆಸುವವರು. ಗಂಡನನ್ನು ಕಳೆದುಕೊಂಡ ತಂಗಿ ವಿನೋದಿನಿಯ ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಅವರದೇ.

ಹುಡುಗಿ ನಿಶ್ಮಿತಾ ಮನೆಯಲ್ಲೇ ಜೆಲ್ ಕ್ಯಾಂಡಲ್ ಮಾಡಿ ಗಿಫ್ಟ್ ಅಂಗಡಿಗಳಿಗೆ ಕೊಡುತ್ತಿದ್ದಳು. ದಪ್ಪ ಗಾಜಿನ ಲೋಟದ ತಳದಲ್ಲಿ ಮರಳು, ಚಿಪ್ಪು, ಮೇಲೆ ನೀರಿನಂತೆ ತಿಳಿಯಾದ ನೀಲಿ ಜೆಲ್. ಹಿತೇಶನ ತಾಯಿ ಶೋಕೇಸಿನಿಂದ ಒಂದನ್ನೆತ್ತಿ ಮೂಗಿನ ಹತ್ತಿರ ಹಿಡಿದರು.

"ಎಂತ ಇದು, ತಿನ್ಲಿಕ್ಕಾ?"

"ಅಲ್ಲ ಆಂಟಿ, ಕ್ಯಾಂಡಲ್."

"ಕ್ಯಾಂಡಲ್ ಬೇಕಾಗುದು ಕರೆಂಟ್ ಹೋದಾಗ. ಮುಂಬಯಿಯಲ್ಲಿ ಕರೆಂಟ್ ಹೋಗುದೇ ಇಲ್ವಲ್ಲ!"

ಧನರಾಜ್ ಅಗತ್ಯಕ್ಕಿಂತ ಜೋರಾಗಿ ನಕ್ಕರು. ನಿಶ್ಮಿತಾ ನಗಲಿಲ್ಲ. ಲೋಟವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದು ಮತ್ತೆ ಅದರ ಜಾಗದಲ್ಲಿಟ್ಟಳು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಒಳಗೆ ಕಳಿಸಿದರು. ಒಂದು ಕೋಣೆಯ ಮನೆಯಲ್ಲಿ ಒಳಗೆ ಎಂದರೆ ಅಡುಗೆಮನೆ. ಹಿತೇಶ ಕಟ್ಟೆಗೆ ಒರಗಿ ನಿಂತು, "ಮಾಡಿ ತೋರಿಸಿ ನೋಡುವ. ನಮ್ಮ ಪ್ಲಾಂಟಲ್ಲಿ ಟನ್‌ಗಟ್ಟಲೆ ಪ್ಲಾಸ್ಟಿಕ್ ಕರಗಿಸ್ತೇವೆ. ಇದೆಲ್ಲ ನನಗೆ ಬಚ್ಚೋಂ ಕಾ ಖೇಲ್, ಮಕ್ಕಳಾಟ," ಎಂದ.

ಅವಳು ದಪ್ಪ ತಳದ ಪಾತ್ರೆಗೆ ಜೆಲ್ ತುಂಡುಗಳನ್ನು ಹಾಕಿ, ಅಂಚಿಗೆ ಥರ್ಮಾಮೀಟರ್ ಸಿಕ್ಕಿಸಿ, ಒಲೆಯನ್ನು ಸಣ್ಣ ಉರಿಯಲ್ಲಿಟ್ಟಳು. ಮುಚ್ಚಳವನ್ನು ಕೈಗೆ ಸಿಗುವಂತೆ ಪಕ್ಕಕ್ಕಿಟ್ಟಳು.

"ಥರ್ಮಾಮೀಟರ್ ಯಾಕೆ? ಜ್ವರ ಉಂಟಾ ಅದಕ್ಕೆ?"

"ಜೆಲ್ ಅಂದ್ರೆ ಹೆಚ್ಚುಕಮ್ಮಿ ಎಣ್ಣೆಯೇ. ಜಾಸ್ತಿ ಕಾದ್ರೆ ಹೊಗೆ ಬರ್ತದೆ, ಆಮೇಲೆ ಹತ್ತಿಕೊಳ್ತದೆ. ಈ ಕೆಂಪು ಗೆರೆ ದಾಟ್ಬಾರ್ದು."

"ಅರೆ ಯಾರ್, ಇಷ್ಟು ಹೆದರಿದ್ರೆ ಬಿಸಿನೆಸ್ ಹೇಗೆ ಮಾಡುದು?" ತಾನು ತಂದು ಕಟ್ಟೆಯ ಮೇಲಿಟ್ಟಿದ್ದ ಬೊಕೆಯಿಂದ ಪ್ಲಾಸ್ಟಿಕ್ ಗುಲಾಬಿಯೊಂದನ್ನು ಕಿತ್ತು, "ಇದನ್ನು ಒಳಗೆ ಹಾಕಿ. ಚಿಪ್ಪು ಯಾರಿಗೆ ಬೇಕು?" ಎಂದ.

"ಬತ್ತಿಯ ಹತ್ತಿರ ಪ್ಲಾಸ್ಟಿಕ್ ಹಾಕುದಿಲ್ಲ. ಅದೂ ಉರೀತದೆ."

ಅವನು ಗುಲಾಬಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕಣ್ಣು ಮಿಟುಕಿಸಿದ. ತನ್ನ ಜೀವನದಲ್ಲಿ ಇಷ್ಟು ಪೆದ್ದ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು ಎನಿಸಿತು ನಿಶ್ಮಿತಾಗೆ.

ಅಷ್ಟರಲ್ಲಿ ಅವನ ತಾಯಿ ಹೊರಗಿನಿಂದ ಕೂಗಿದರು. ಊರಿನಲ್ಲಿರುವ ಹಿತೇಶನ ಅಜ್ಜಿಗೆ ವೀಡಿಯೋ ಕಾಲ್ ಹಚ್ಚಿದ್ದರು, ಹುಡುಗಿಯ ಮುಖ ತೋರಿಸಬೇಕಂತೆ. ನಿಶ್ಮಿತಾ ಒಲೆ ಆರಿಸಲು ಕೈ ಚಾಚಿದಳು.

"ಇರ್ಲಿ ಇರ್ಲಿ, ನಾನಿದ್ದೇನಲ್ಲ," ಎಂದ ಹಿತೇಶ.

"ಉರಿ ಸಣ್ಣದೇ ಇರ್ಲಿ. ಪಾತ್ರೆ ಬಿಟ್ಟು ಹೋಗ್ಬೇಡಿ."

ಅಜ್ಜಿ ಅವಳ ಮೂಗನ್ನು ಹೊಗಳುತ್ತಿರುವಾಗ ಸುಟ್ಟ ಎಣ್ಣೆಯ ವಾಸನೆ ಬಂತು. ನಿಶ್ಮಿತಾ ಫೋನನ್ನು ಹಿತೇಶನ ತಾಯಿಯ ಕೈಗೆ ತುರುಕಿ ಓಡಿದಳು. ಒಲೆ ದೊಡ್ಡ ಉರಿಯಲ್ಲಿತ್ತು. ಕ್ಯಾಂಡಲಿಗೆ ಕೆಲವೇ ಹನಿ ಹಾಕುವ ಸುವಾಸನೆಯ ಎಣ್ಣೆಯ ಬಾಟಲಿ ಖಾಲಿಯಾಗಿ ಕಟ್ಟೆಯ ಮೇಲೆ ಉರುಳಿತ್ತು. ಫೋನು ಬಂತೆಂದು ಕಿಟಕಿಗೆ ಹೋಗಿದ್ದ ಹಿತೇಶ ಈಗ ಬಾಲ್ದಿಯಿಂದ ಚೊಂಬಿನಲ್ಲಿ ನೀರು ಎತ್ತಿಕೊಂಡು ನಿಂತಿದ್ದ. ಪಾತ್ರೆಯಲ್ಲಿ ಬೆಂಕಿ ಮೇಲೆದ್ದಿತ್ತು.

"ನೀರು ಬೇಡ!"

ಅವಳು ಅವನ ಕೈಯನ್ನು ಹೊಡೆದು ತಳ್ಳಿದಳು. ಚೊಂಬು ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆಯೇ ಬೋರಲಾಯಿತು. ಗ್ಯಾಸ್ ಆರಿಸಿ, ಮುಚ್ಚಳವನ್ನು ಬದಿಯಿಂದ ಸರಿಸಿ ಪಾತ್ರೆಯನ್ನು ಮುಚ್ಚಿದಳು. ಬೆಂಕಿ ಸತ್ತಿತು. ಹೊಗೆ ಮಾತ್ರ ಉಳಿಯಿತು. "ಮುಚ್ಚಳ ತೆಗೀಬೇಡಿ," ಎಂದಳು.

ಬಾಗಿಲಲ್ಲಿ ಎಲ್ಲರೂ ಬಂದು ನಿಂತಿದ್ದರು. ಹಿತೇಶ ಗಂಟಲು ಸರಿಮಾಡಿಕೊಂಡ. "ಇವರ ಸ್ಟವ್ ಸರಿ ಇಲ್ಲ. ನಾಬ್ ಲೂಸ್ ಉಂಟು. ತನ್ನಷ್ಟಕ್ಕೆ ದೊಡ್ಡದಾಯ್ತು."

"ಅಯ್ಯೋ, ನನ್ನ ಮಗ ಒಳಗೆ ಇದ್ದದ್ದಕ್ಕೆ ಬಚಾವ್!" ಎಂದರು ಅವನ ತಾಯಿ. "ನೋಡಿ, ಮದುವೆ ಆದ್ಮೇಲೆ ಈ ಕ್ಯಾಂಡಲ್ ಗೀಂಡಲ್ ಎಲ್ಲ ಬಂದ್."

"ಹೌದೌದು, ಅದು ಬಿಡಿ," ಎಂದು ಧನರಾಜ್ ತಲೆಯಾಡಿಸಿದರು.

ನಿಶ್ಮಿತಾ ಹಿತೇಶನನ್ನು ನೋಡಿದಳು. ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು, ಗುಲಾಬಿ ಇನ್ನೂ ಕಿವಿಯ ಹಿಂದೆಯೇ ಇತ್ತು.

"ಮಾಮ, ನನಗೆ ಇವರು ಬೇಡ."

"ಎಂತ ಮಾತು ಅದು? ಒಂದು ಕ್ಯಾಂಡಲಿಗೋಸ್ಕರವಾ?"

"ಬೆಂಕಿ ಯಾರ ಕೈಯಲ್ಲೂ ಹತ್ಬಹುದು ಮಾಮ. ಇವರು ತಮ್ಮ ತಪ್ಪನ್ನು ಒಲೆಯ ಮೇಲೆ ಹಾಕಿದ್ರು. ನಾಳೆ ಮಗು ಬಿದ್ರೆ ನನ್ನ ಮೇಲೆ ಹಾಕ್ತಾರೆ."

ವಿನೋದಿನಿ ಅಣ್ಣನ ಮುಖ ನೋಡಲಿಲ್ಲ. ಒಲೆಯ ಹತ್ತಿರ ಹೋಗಿ ನಾಬನ್ನು ಎರಡು ಸಲ ತಿರುಗಿಸಿದರು. ಅದು ಬಿಗಿಯಾಗಿತ್ತು. "ಟೀ ಆಯ್ತಲ್ಲ, ಇನ್ನು ಹೊರಡಿ," ಎಂದು ಬಂದವರಿಗೆ ನೇರವಾಗಿ ಹೇಳಿದರು. ಅಣ್ಣನೆದುರು ಅಷ್ಟು ದೊಡ್ಡ ಸ್ವರ ಅವರಿಂದ ಹಿಂದೆಂದೂ ಹೊರಟಿರಲಿಲ್ಲ.

ಹುಡುಗಿ ಮನೆಗೆ ಬೆಂಕಿ ಹಚ್ಚಿಕೊಂಡಳು, ನಮ್ಮ ಹುಡುಗ ಹೋಗಿ ಆರಿಸಿದ ಎಂಬ ಸುದ್ದಿ ಆ ವಾರವೇ ಮಾಟುಂಗದ ತುಂಬ ಹರಡಿತು. ಧನರಾಜ್ ತುಂಬಾ ದಿನ ತಂಗಿಗೆ ಫೋನು ಮಾಡಲಿಲ್ಲ. ಆಮೇಲೆ ಒಂದು ಸಂಜೆ ತಾವಾಗಿಯೇ ಬಂದು, ಏನೂ ಆಗದವರಂತೆ ಕುರ್ಚಿ ಎಳೆದು ಕೂತು ಚಹಾ ಕೇಳಿದರು. ಆಗ ನಿಶ್ಮಿತಾ ಅಡುಗೆಮನೆಯಲ್ಲಿ ಹೊಸ ಪಾತ್ರೆಯಲ್ಲಿ ಜೆಲ್ ಕರಗಿಸುತ್ತಿದ್ದಳು.

"ಸ್ವಲ್ಪ ಹೊತ್ತು ಕಾಯ್ಬೇಕು ಮಾಮ," ಎಂದಳು ತಿರುಗದೆ. "ಇದನ್ನು ಬಿಟ್ಟು ಬರ್ಲಿಕ್ಕೆ ಆಗುದಿಲ್ಲ."

ಧನರಾಜ್ ಕಾದರು.