ಕುಂಡದ ತಳ

ಇನ್ನೊಂದು ಎಲೆ ಬಾಗಿತು, ಕಣ್ಣೆದುರೇ, ಹಿಡಿದಿದ್ದ ಕೈಯನ್ನು ಯಾರೋ ಮೆಲ್ಲಗೆ ಬಿಟ್ಟ ಹಾಗೆ, ಇನ್ನು ನೆಟ್ಟಗಿರುವುದು ಸುಳಿಯ ಪಕ್ಕದ ಎರಡೇ ಎರಡು — ಪ್ಲಂಬರ್ ಚೊಂಬು ಹಿಡಿದು ಕಿಟಕಿಯ ಮುಂದೆ ನಿಂತ, ಹಾಕಲೋ ಬೇಡವೋ, ಮಣ್ಣು ಬೆರಳಿಗೆ ಕೆಸರಾಗಿ ಹತ್ತುತ್ತದೆ, ಎಲೆಗಳು ಮಾತ್ರ ವಾರದಿಂದ ನೀರು ಕಾಣದವರಂತೆ ಜೋತಿವೆ, ದಿನಾ ಒಂದು ಚೊಂಬು ಕುಡಿದೂ ಇದೆಂಥ ದಾಹ, ಹೆಂಡತಿ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ, ಅಕ್ಕನ ಆಪರೇಷನ್ನಿಗೆಂದು ಹೋದವಳು ಇಪ್ಪತ್ತು ದಿನದ ಮೇಲೆ ಬರುತ್ತಾಳೆ, ಚಪ್ಪಲಿ ಬಿಡುವ ಮೊದಲೇ ಕಣ್ಣು ಇಲ್ಲಿಗೇ ಬರುತ್ತದೆ, ಅವಳ ಅಮ್ಮ ಸಾಯುವ ವರ್ಷ ಮುರಿದು ಕೊಟ್ಟ ಕೊಂಬೆ ಇದು, ಅಲ್ಲಿದ್ದ ತಾಯಿಗಿಡವೂ ಅಮ್ಮನ ಬೆನ್ನಿಗೇ ಹೋಯಿತು, ಉಳಿದಿರುವುದು ಇದೊಂದು. ಅವಳಿರುವಾಗಲೇ ಸೊರಗಲು ಶುರುವಾಗಿತ್ತಲ್ಲ, ಆಗ ಅವನೇ ಅಂದಿದ್ದ, ನಿಮ್ಮಮ್ಮ ಒಣಕಡ್ಡಿ ನೆಟ್ಟರೂ ಚಿಗುರೋದು, ನಿನ್ನ ಕೈಗುಣವೇ ಸರಿಯಿಲ್ಲ ಬಿಡು — ತಮಾಷೆಗೆ, ಊಟದ ತಟ್ಟೆಯ ಮುಂದೆ, ಬಾಯಿಗೆ ಬಂದದ್ದು. ಅವಳು ನಗಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡಳು. ಮರುದಿನದಿಂದ ಗಿಡ ಮುಟ್ಟಲಿಲ್ಲ, ಹೊರಡುವಾಗಲೂ ಬಾಗಿಲಲ್ಲೇ ನಿಂತು, ನೀವೇ ನೋಡ್ಕೊಳ್ಳಿ, ನಾನು ಮುಟ್ಟಿದ್ರೆ ಒಣಗುತ್ತೆ ಅಂದಳು, ಮೊನ್ನೆ ಫೋನಿನಲ್ಲಿ, ಅಕ್ಕನ ಗಾಯಕ್ಕೆ ಔಷಧಿ ಅವಳ ಸೊಸೆ ಹಚ್ತಾಳೆ ರೀ, ನನ್ನ ಕೈ ಯಾಕೆ ಅಂತ ಬೇಡ ಅಂದೆ, ಅವನು ನಕ್ಕುಬಿಟ್ಟಿದ್ದ, ಹುಚ್ಚಿ.

ನರ್ಸರಿಯವನನ್ನು ಬೆಳಿಗ್ಗೆಯೇ ಕೇಳಿದ್ದಾಯಿತು, ಹೊಟ್ಟೆನೋವು ಅಂದ್ರೆ ಯಾರಾದ್ರೂ ತಲೆ ಮುಟ್ಟಿ ನೋಡ್ತಾರೇನಣ್ಣ, ಬುಡ ಬಿಡಿಸಿ ನೋಡು ಅಂದ, ಸರಿ, ಹಳೇ ಪೇಪರು ಹಾಸಿ, ಕುಂಡ ಓರೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಮಣ್ಣಿಗಿಂತ ಮೊದಲು ನೀರು, ಮೂರು ಚೊಂಬಾದರೂ ಇದ್ದೀತು, ಆ ವಾಸನೆ — ಊರವರ ಚರಂಡಿಗೆಲ್ಲ ಕೈ ಹಾಕುವಾಗಲೂ ಎಂದೂ ತಿರುಗದ ಮುಖ, ತನ್ನ ಮನೆಯ ನೆಲದ ಮೇಲೆ ಅದೇ ವಾಸನೆಗೆ ತಿರುಗಿತು. ಬೇರುಗಳು ಕರ್ರಗೆ, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ನೂಲು ಉಳಿಯುತ್ತದೆ. ನೀರು ಹೋಗಿಲ್ಲ. ಇಷ್ಟು ದಿನ ಹಾಕಿದ ಒಂದು ಹನಿಯೂ ಹೋಗಿಲ್ಲ. ಯಾಕೆ ಹೋಗಿಲ್ಲ, ಕುಂಡ ಬೋರಲು ಹಾಕಿ ನೋಡಿದ, ತಳದಲ್ಲಿ ತೂತಿಲ್ಲ, ತೂತಿರಬೇಕಾದ ಜಾಗದಲ್ಲಿ ಬಿಳಿ ಸಿಮೆಂಟು, ಯಾವ ಪುಣ್ಯಾತ್ಮ ಮಾಡಿದ ಕೆಲಸವಪ್ಪ ಇದು — ಕೆಲಸಕ್ಕೆ ಹೋದ ಪ್ರತಿ ಮನೆಯಲ್ಲೂ ಅವನ ಮೊದಲ ಮಾತು ಅದು, ಹಿಂದಿನವನಿಗೆ ಬೈಯದೆ ಸ್ಪಾನರ್ ಹಿಡಿದವನೇ ಅಲ್ಲ — ಬಟ್ಟೆಯಿಂದ ಒರೆಸಿದ. ಸಿಮೆಂಟಿನಲ್ಲಿ ಹೆಬ್ಬೆರಳು. ಒತ್ತಿದ ಗುರುತು, ಗೆರೆಗೆರೆಯಾಗಿ, ಗೆರೆಗಳನ್ನು ಸೀಳಿಕೊಂಡು ಒಂದು ಓರೆ ಗೀಟು. ಪೈಪು ಕೊಯ್ಯುವಾಗ ಕೊಯ್ದುಕೊಂಡ ಗೀಟು, ಏಳು ಹೊಲಿಗೆ. ಅಲ್ಲ, ನಾನಲ್ಲ, ಯಾವಾಗ, ಅಲ್ಲವೇ ಅಲ್ಲ, ಹೆಬ್ಬೆರಳನ್ನು ಅದರಲ್ಲಿಟ್ಟ, ಕೂತಿತು, ಅಚ್ಚಿನಲ್ಲಿ ಕೂತ ಹಾಗೆ.

ಆಮೇಲೆ ಬಂತು ನೆನಪು, ತಾನಾಗಿ, ಗಿಡ ಸೊರಗುವುದಕ್ಕೂ ಮುಂಚಿನ ಒಂದು ಭಾನುವಾರ, ಮಂಚದ ಮೇಲೆ ಒರಗಿದ್ದ, ಟಪ್, ಟಪ್, ಕುಂಡದಿಂದ ಕಿಟಕಿ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ, ಮೂವತ್ತು ವರ್ಷದಿಂದ ಅನ್ನ ಹಾಕಿದ ಸದ್ದು ಅದು, ಕೇಳಿಸಿದರೆ ಕೈ ಸುಮ್ಮನಿರುವುದಿಲ್ಲ, ಟೈಲ್ಸ್ ಸಂದಿಗೆ ಕಲಸಿದ್ದು ಡಬ್ಬಿಯಲ್ಲಿ ಒಂದು ಮುದ್ದೆ ಮಿಕ್ಕಿತ್ತು, ಎತ್ತಿದ, ಮೆತ್ತಿದ, ಒತ್ತಿದ, ಹೋಗಿ ಮಲಗಿದ. ಒಳ್ಳೇ ನಿದ್ದೆ ಬಂದಿತ್ತು. ಅವಳು ಅಡುಗೆಮನೆಯಿಂದ, ಏನ್ರೀ ಸದ್ದು ನಿಂತ್ಹೋಯ್ತು ಅಂದಳೇ, ಅಂದಳು, ಅವನು ಮಗ್ಗುಲು ಬದಲಿಸಿದ, ಇಷ್ಟೇ.

ಕೊಳೆತದ್ದನ್ನು ಕತ್ತರಿಯಲ್ಲಿ ಕತ್ತರಿಸುತ್ತ ಹೋದ, ಇದೂ ಹೋಗಿದೆ, ಇದೂ, ಇದೂ, ಕೊನೆಗೆ ಬೆಳ್ಳಗೆ ಗಟ್ಟಿಯಾಗಿ ಮೂರು ಎಳೆ, ಬೆರಳುದ್ದವೂ ಇಲ್ಲ, ಸಾಕೋ ಸಾಲದೋ ದೇವರೇ ಬಲ್ಲ, ಬಣ್ಣದ ಡಬ್ಬಿಗೆ ಮೊಳೆಯಿಂದ ಐದು ತೂತು ಹೊಡೆದು ಒಣಮಣ್ಣಿನಲ್ಲಿ ನಿಲ್ಲಿಸಿದ. ಇನ್ನು ಈ ಕುಂಡ. ಉಳಿ ಇಟ್ಟು ಒಂದೇ ಏಟು, ಪುಡಿಯಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಬೇರು ಕೊಳೆತಿತ್ತು ಕಣೆ, ತೆಗೆದು ಸರಿಮಾಡಿದೆ ಅಂದರೆ ಅವಳು ಹೂಂ ಅಂತಾಳೆ, ಮತ್ತೆ ಅಂಗೈ ನೋಡಿಕೊಳ್ತಾಳೆ — ಉಳಿ ಇಟ್ಟ, ಸುತ್ತಿಗೆ ಎತ್ತಿದ, ಗೇಟಿನ ಚಿಲಕ ಸದ್ದಾಯಿತು, ಚೀಲ ಕೆಳಗಿಟ್ಟ ಸದ್ದು, ರೀ, ಇದೀರಾ, ಸುತ್ತಿಗೆ ಏಟು ಹಾಕದೆ ಇಳಿಯಿತು, ಅವನು ಕುಂಡವನ್ನು ಎತ್ತಿಕೊಂಡ, ತಳ ಬಾಗಿಲ ಕಡೆ ಮಾಡಿ ಎದೆಗೆ ಹಿಡಿದು ನಿಂತ, ಅವಳು ಹೊಸ್ತಿಲಲ್ಲಿ, ಕೈಗಳೆರಡೂ ಸೆರಗಿನೊಳಗೆ, ಕಣ್ಣು ಗಿಡ ಹುಡುಕಿ ಕಾಣದೆ ಕುಂಡಕ್ಕೆ ಬಂತು, ನಿಂತಿತು, ಬಿಳಿ ಸಿಮೆಂಟು, ಅದರಲ್ಲಿ ಹೆಬ್ಬೆರಳು, ಹೆಬ್ಬೆರಳ ಮೇಲೆ ಓರೆ ಗೀಟು.